ಕೀಲಿಮಣೆಯ ಮೌನ

ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ, ಅದು ಏತಕ್ಕೆ ಕೆಟ್ಟಿತೆಂದು ವಿಚಾರಿಸುವುದಕ್ಕೆ ಮುಂಚೆ ಯಾರು ಕೆಡಿಸಿದರೆಂದು ವಿಚಾರಿಸುವುದು ಗೃಹಸ್ಥರ ಹಳೆಯ ಪದ್ಧತಿ. ಗಡಿಯಾರ ನಿಂತರೆ ಅದನ್ನು ಮುಟ್ಟಿದ ಮಗುವನ್ನು ಕರೆಯುತ್ತೇವೆ. ಹಾಲು ಒಡೆದರೆ ಪಾತ್ರೆ ತೊಳೆದವರನ್ನು ಕರೆಯುತ್ತೇವೆ. ಈ ಪದ್ಧತಿಗೆ ನಾವೂ ಹೊರತಲ್ಲವೆಂಬುದು ಕಳೆದ ಮಾಘಮಾಸದ ಒಂದು ಸಂಜೆ ನಮಗೆ ಚೆನ್ನಾಗಿ ಮನದಟ್ಟಾಯಿತು. ನಮ್ಮಂತೆಯೇ ಮನೆಯಲ್ಲೊಂದು ಗಣಕಯಂತ್ರವನ್ನಿಟ್ಟುಕೊಂಡು, ಅದರ ಒಳಗನ್ನು ಅರಿಯದೆ ಅದರಿಂದ ಕೆಲಸ ತೆಗೆಯುತ್ತಿರುವ ವಾಚಕರಿಗೆ ಪ್ರಯೋಜನವಾದೀತೆಂದು ಆ ಸಂಗತಿಯನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ವಾಸ ಕೊಡಗಿನ ಅಮ್ಮತ್ತಿಯ ಸಮೀಪದಲ್ಲಿ, ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಿಂದ ತುಸು ಒಳಗೆ. ತೋಟ ದೊಡ್ಡದಲ್ಲ, ಬಹುಪಾಲು ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ಮಾಘವೆಂದರೆ ಹಣ್ಣು ಕುಯ್ಯುವ ಕಾಲ. ಆಗ ಕುಯ್ಲಿನವರಿಗೆ ತೂಕದ ಮೇಲೆ ಕೂಲಿ. ಸಂಜೆ ಕಣದ ಬಳಿ ಒಬ್ಬೊಬ್ಬರ ಚೀಲವನ್ನೂ ತೂಗಿ, ಇಂಥವರದು ಇಷ್ಟು ಕಿಲೋ ಎಂದು ಮೇಸ್ತ್ರಿ ಕೂಗಿ ಹೇಳಿದ್ದನ್ನು ಚೆಕ್‌ರೋಲಿನಲ್ಲಿ ಬರೆಯಬೇಕು. ವಾರಕ್ಕೊಮ್ಮೆ, ಸಂತೆಯ ದಿನ ಬೆಳಿಗ್ಗೆ ಬಟವಾಡೆ. ಆ ಹಣ ಕೈಗೆ ಬಂದ ಮೇಲೆಯೇ ಲೈನುಮನೆಗಳವರು ಸಂತೆಗೆ ಹೊರಡುವುದು. ಅಕ್ಕಿ, ಒಣಮೀನು, ಎಣ್ಣೆ, ಮಕ್ಕಳ ಪುಸ್ತಕ ಎಲ್ಲವೂ ಅದರಿಂದಲೇ ಬರಬೇಕು. ಚೆಕ್‌ರೋಲು ಮೊದಲು ರಟ್ಟಿನ ಪುಸ್ತಕದಲ್ಲಿತ್ತು. ಈಗ ಕೆಲವು ವರ್ಷಗಳಿಂದ ಗಣಕಯಂತ್ರದೊಳಗೆ ಸೇರಿಕೊಂಡಿದೆ.

ಯಂತ್ರ ಹಳೆಯದು, ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಕೊಂಡದ್ದು. ಅದನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಇದರ ಬೀಜವನ್ನು 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬಿತ್ತಿದನು. ಆಮೇಲೆ ಸಾವಿರಾರು ಮಂದಿ ನೀರೆರೆದು ಬೆಳೆಸಿದ್ದಾರೆ. ಇದಕ್ಕೆ ಬೆಲೆಯಿಲ್ಲವೆಂಬುದೂ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆಂಬುದೂ ನಮ್ಮ ಮಟ್ಟಿಗೆ ಮುಖ್ಯವಾದ ಗುಣಗಳು. ನಮ್ಮ ತಂಗಿಯ ಮಗ, ಮೈಸೂರಿನಲ್ಲಿ ಓದುತ್ತಿರುವ ಹುಡುಗ, ಹಿಂದಿನ ಒಂದು ರಜೆಯಲ್ಲಿ ಬಂದಾಗ ಇದನ್ನು ಅಣಿಮಾಡಿ, ನಮಗೆ ಬೇಕಾದಷ್ಟು ಪಾಠವನ್ನೂ ಹೇಳಿಕೊಟ್ಟು ಹೋಗಿದ್ದನು.

ಆ ಪಾಠದಲ್ಲೊಂದು ರನ್‌ಲೆವೆಲ್ ಎಂಬುದು. ಯಂತ್ರವು ಯಾವ ಮಟ್ಟದಲ್ಲಿ ಎಚ್ಚತ್ತು ನಡೆಯಬೇಕೆಂಬುದರ ಅಂಕಿ. ಯೂನಿಕ್ಸ್ ಎಂಬ ಹಿರಿಯ ವ್ಯವಸ್ಥೆಯಿಂದ ಲಿನಕ್ಸಿಗೆ ಬಂದ ಪಿತ್ರಾರ್ಜಿತವಿದು. ಮನೆಯ ದಿನಚರಿಗೆ ಹೋಲಿಸಿದರೆ ಸುಲಭವಾಗಿ ತಿಳಿಯುತ್ತದೆ. ಸೊನ್ನೆಯೆಂದರೆ ದೀಪವಾರಿಸಿ ಮಲಗುವುದು. ಒಂದು ಎಂದರೆ ನಡುರಾತ್ರಿ ಯಜಮಾನನೊಬ್ಬನೇ ಎದ್ದು, ಬಾಗಿಲು ತೆರೆಯದೆ, ಒಳಗಿನ ರಿಪೇರಿಯನ್ನು ನೋಡಿಕೊಳ್ಳುವುದು. ಮೂರು ಎಂದರೆ ಮನೆಮಂದಿಯೆಲ್ಲ ಎದ್ದು, ಬೀದಿಯ ಬಾಗಿಲೂ ತೆರೆದು ಕೆಲಸ ಸಾಗುತ್ತಿರುವುದು. ಆದರೆ ಪಡಸಾಲೆಯಲ್ಲಿ ಅಲಂಕಾರವಿಲ್ಲ, ಕರಿಯ ತೆರೆಯ ಮೇಲೆ ಬಿಳಿಯ ಅಕ್ಷರಗಳಷ್ಟೆ. ಐದು ಎಂದರೆ ಪಡಸಾಲೆಯನ್ನೂ ಸಿಂಗರಿಸಿದ್ದು: ಚಿತ್ರಗಳು, ಕಿಟಕಿಗಳು, ಅವುಗಳ ನಡುವೆ ಓಡಾಡುವ ಬಾಣದ ಗುರುತು. ಆರು ಎಂದರೆ ಮಲಗಿ ಮತ್ತೆ ಏಳುವುದು. ಎಲ್ಲ ಲಿನಕ್ಸ್‌ಗಳಲ್ಲಿಯೂ ಅಂಕಿಗಳಿಗೆ ಇದೇ ಅರ್ಥವಿರಲಿಲ್ಲ. ಡೆಬಿಯನ್ ವಂಶದವುಗಳಲ್ಲಿ ಎರಡರಿಂದ ಐದರವರೆಗೆ ವ್ಯತ್ಯಾಸವನ್ನೇ ಇಟ್ಟಿರಲಿಲ್ಲ. 2010ರಲ್ಲಿ ಸಿಸ್ಟಮ್‌ಡಿ ಎಂಬ ಹೊಸ ಮೇಲ್ವಿಚಾರಕನು ಬಂದ ಮೇಲೆ ಅಂಕಿಗಳು ಹಿಂದೆ ಸರಿದು, ‘ಮಲ್ಟಿಯೂಸರ್ ಟಾರ್ಗೆಟ್’, ‘ಗ್ರಾಫಿಕಲ್ ಟಾರ್ಗೆಟ್’ ಎಂಬ ಹೆಸರುಗಳು ಮುಂದೆ ಬಂದಿವೆ. ನಮ್ಮ ಹಳೆಯ ಯಂತ್ರ ಮಾತ್ರ ‘ಇನಿಟ್ 3’, ‘ಇನಿಟ್ 5’ ಎಂಬ ಹಳೆಯ ಮಾತುಗಳನ್ನು ಇನ್ನೂ ಕೇಳುತ್ತದೆ.

ವಾರಕ್ಕೊಮ್ಮೆ ಚೆಕ್‌ರೋಲನ್ನೂ ಇತರ ಲೆಕ್ಕಗಳನ್ನೂ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಡುವುದು ನಮ್ಮ ರೂಢಿ. ಚಿತ್ರದ ತೆರೆಯನ್ನು ಹೊತ್ತುಕೊಂಡು ಈ ಕೆಲಸ ಮಾಡುವಾಗ ಯಂತ್ರ ಏದುಸಿರು ಬಿಡುತ್ತದಾದ ಕಾರಣ, ಮೂರನೆಯ ಮಟ್ಟಕ್ಕೆ ಇಳಿದು ನಕಲನ್ನು ಆರಂಭಿಸಿ, ಮುಗಿದ ಮೇಲೆ ಐದಕ್ಕೆ ಏರುತ್ತೇವೆ. ಆ ಸಂಜೆ ನಕಲು ಮುಗಿಯುವ ಮುಂಚೆಯೇ ನಮಗೆ ಅವಸರವಾಯಿತು. ಮರುದಿನ ಬಟವಾಡೆ, ಆ ದಿನದ ತೂಕ ಇನ್ನೂ ಏರಿಸಿರಲಿಲ್ಲ. ನಕಲಿನ ಕೆಲಸ ಹಿಂದಿನಿಂದ ನಡೆದುಕೊಳ್ಳಲಿ ಎಂದು ಬಿಟ್ಟು, ‘ಇನಿಟ್ 5’ ಎಂದು ಬರೆದು ಒತ್ತಿದೆವು.

ತೆರೆ ಒಮ್ಮೆ ಕಪ್ಪಾಗಿ ಬೆಳಗಿತು. ಹೆಸರನ್ನೂ ಗುಟ್ಟಿನ ಪದವನ್ನೂ ಕೇಳುವ ಚೌಕ ಯಥಾಪ್ರಕಾರ ಮೂಡಿತು. ಗುಂಡಿಗಳನ್ನು ಒತ್ತಿದೆವು, ಒಂದು ಚುಕ್ಕೆಯೂ ಬೀಳಲಿಲ್ಲ. ಮೌಸನ್ನು ಜರುಗಿಸಿದೆವು, ಬಾಣ ತೆರೆಯ ನಡುವೆ ಮೊಳೆ ಹೊಡೆದಂತೆ ನಿಂತಿತ್ತು. ಅಂಕಿಗಳ ಬೀಗದ ಗುಂಡಿಯನ್ನು ಒತ್ತಿದರೆ ಅದರ ಪುಟ್ಟ ದೀಪವೂ ಹೊತ್ತಲಿಲ್ಲ. ಬೇರೊಂದು ತೆರೆಗೆ ಹೋಗುವ ಕಂಟ್ರೋಲ್, ಆಲ್ಟ್, ಎಫ್2 ಎಂಬ ಮೂರು ಗುಂಡಿಗಳ ಸಂಧಿಯೂ ಫಲಿಸಲಿಲ್ಲ. ತೆರೆಯ ಮೂಲೆಯಲ್ಲಿ ಗಡಿಯಾರ ಮಾತ್ರ ನಮ್ಮ ಅವಸ್ಥೆಯನ್ನು ಲಕ್ಷಿಸದೆ ನಿಮಿಷಗಳನ್ನು ಎಣಿಸುತ್ತಿತ್ತು.

ಇಂತಿರುವಲ್ಲಿ ನಮ್ಮ ದೃಷ್ಟಿ ಮೇಜಿನ ಮೇಲೆ ಬಿತ್ತು. ಕೀಲಿಮಣೆಯ ಪಕ್ಕದಲ್ಲಿಯೇ ಕಾಫಿಯ ಲೋಟವೊಂದು ಕೂತೆದ್ದ ದುಂಡನೆಯ ಕಲೆ. ಎರಡು ದಿನಗಳ ಹಿಂದೆ ರಜೆಗೆಂದು ಬಂದಿದ್ದ ಸೋದರಳಿಯನು ಮಧ್ಯಾಹ್ನ ಅಲ್ಲಿ ಕುಳಿತು ಕಾಫಿ ಕುಡಿದದ್ದನ್ನು ನಾವೇ ನೋಡಿದ್ದೆವು. ಇನ್ನು ವಿಚಾರಣೆ ಏತಕ್ಕೆ? ಅವನನ್ನು ಕೂಗಿ ಕರೆದೆವು. ಲೆಕ್ಕ ಕೇಳಲು ಬಂದಿದ್ದ ಮೇಸ್ತ್ರಿಯೂ, ಕಣದ ಇಬ್ಬರು ಆಳುಗಳೂ ಬಾಗಿಲಲ್ಲಿ ನಿಂತಿದ್ದರು. ಅವರೆಲ್ಲರ ಎದುರಿಗೆ, ಕೀಲಿಮಣೆಗೆ ಕಾಫಿ ಕುಡಿಸಿದ ಮಹಾಶಯನೆಂದು ಅವನನ್ನು ಸಂಬೋಧಿಸಿ, ಅಷ್ಟು ಜನರ ಕೂಲಿಗೆ ಕಲ್ಲು ಹಾಕಿದನೆಂದು ಹೇಳಿದೆವು. ಹೇಳಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

“ನಾನು ಚೆಲ್ಲಲಿಲ್ಲ, ಮಾವ” ಎಂದನು ಹುಡುಗ. ಎರಡನೆಯ ಸಲ ಹೇಳಲಿಲ್ಲ.

ನಾವು ಉತ್ತರ ಕೊಡದೆ ಯಂತ್ರದ ಗುಂಡಿಗೆ ಕೈಹಾಕಿದೆವು. ಒತ್ತಿ ಹಿಡಿದು ಆರಿಸಿ ಮತ್ತೆ ಹೊತ್ತಿಸಿದರೆ ಸರಿಹೋದೀತೆಂಬ ಆಸೆ. ಅವಮಾನಗೊಂಡ ಹುಡುಗ ಹೊರಟುಹೋಗಬಹುದಾಗಿತ್ತು, ಹೋಗಲಿಲ್ಲ. “ಮಾವ, ಈಗ ಬೇಡಿ. ಡಿಸ್ಕಿನ ದೀಪ ಮಿಣುಕುತ್ತಿದೆ, ನೋಡಿ. ನಕಲು ಇನ್ನೂ ನಡೆಯುತ್ತಿದೆ” ಎಂದನು. ನೋಡಿದೆವು. ಹೌದು, ಹೊರಗಿನ ಡಿಸ್ಕಿನ ಹಸುರು ದೀಪ ಬಿಡದೆ ಮಿಣುಕುತ್ತಿತ್ತು. ಯಂತ್ರ ಸತ್ತಿರಲಿಲ್ಲ, ಬರೆಯುತ್ತಿತ್ತು. ಬರೆಯುತ್ತಿರುವವನ ಕೈಯಿಂದ ಲೇಖನಿಯನ್ನು ಕಿತ್ತರೆ ಪುಟ ಹರಿಯುವಂತೆ, ಬರೆಯುತ್ತಿರುವ ಡಿಸ್ಕಿನ ವಿದ್ಯುತ್ತನ್ನು ಕಿತ್ತರೆ ಲೆಕ್ಕ ಹರಿಯುವ ಸಂಭವವಿತ್ತು. ನಾವು ಕೈ ತೆಗೆದೆವು.

ಗದ್ದಲ ಕೇಳಿ ಒಳಗಿನಿಂದ ಬಂದಿದ್ದ ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಗಣಕಯಂತ್ರವನ್ನು ಅವರು ಮುಟ್ಟಿದವರಲ್ಲ. ವಿಷಯ ಕೇಳಿ, “ಎರಡೂ ಒಟ್ಟಿಗೆ ನಿಂತವೆ?” ಎಂದು ಪ್ರಶ್ನೆಮಾಡಿದರು. ಹೌದೆಂದೆವು. “ಒಂದೇ ಗಳಿಗೆಯಲ್ಲಿ ಎರಡು ದೀಪ ಆರಿದರೆ ಬತ್ತಿಯನ್ನು ನೋಡುತ್ತಾರೇನಪ್ಪ? ಎಲ್ಲಿಂದ ಗಾಳಿ ಬಂತೆಂದು ನೋಡಬೇಕು” ಎಂದು ಹೇಳಿ ಒಳಕ್ಕೆ ಹೋದರು.

ಆ ಮಾತಿನಲ್ಲಿ ಇಡೀ ಶಾಸ್ತ್ರವಿತ್ತು. ಕಾಫಿ ಕೀಲಿಮಣೆಯನ್ನು ಕೆಡಿಸಬಹುದು. ಮೇಜಿನ ಆಚೆ ಬದಿಯಲ್ಲಿದ್ದ ಮೌಸನ್ನೂ ಅದೇ ಕ್ಷಣದಲ್ಲಿ ಹೇಗೆ ಕೆಡಿಸೀತು? ಅಷ್ಟಲ್ಲದೆ, ‘ಇನಿಟ್ 5’ ಎಂಬ ಆಜ್ಞೆಯನ್ನು ನಾವು ಬರೆದದ್ದು ಯಾವುದರಿಂದ? ಅದೇ ಕೀಲಿಮಣೆಯಿಂದ! ಮೂರನೆಯ ಮಟ್ಟದಲ್ಲಿ ಸರಿಯಾಗಿದ್ದ ಗುಂಡಿಗಳು ಐದನೆಯ ಮಟ್ಟದಲ್ಲಿ ಮೂಕವಾದರೆ, ದೋಷ ಗುಂಡಿಗಳದಲ್ಲ, ಮಟ್ಟದ್ದು. ಸಾಕ್ಷಿ ನಮ್ಮ ಬೆರಳ ತುದಿಯಲ್ಲಿಯೇ ಇದ್ದರೂ ಕಣ್ಣು ಲೋಟದ ಕಲೆಯ ಮೇಲಿತ್ತು.

ಹುಡುಗ ತನ್ನ ಲ್ಯಾಪ್‌ಟಾಪನ್ನು ತಂದನು. ಮುಂಬಾಗಿಲ ಚಿಲಕ ಕಚ್ಚಿಕೊಂಡರೆ ಹಿತ್ತಲ ಬಾಗಿಲಿಂದ ಹೋಗುವಂತೆ, ಒಂದು ಯಂತ್ರದಿಂದ ಇನ್ನೊಂದರೊಳಕ್ಕೆ ಮನೆಯ ಜಾಲದ ಮೂಲಕ ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ಮಾರ್ಗವಿದೆ. ಹಿಂದೆ ಅವನು ಇದನ್ನು ತೆರೆದಿಟ್ಟಾಗ, ಏಕೆ ಬೇಕು ಈ ಉಪದ್ವ್ಯಾಪವೆಂದು ನಾವು ಗೊಣಗಿದ್ದುಂಟು. ಆ ಬಾಗಿಲಿಂದಲೇ ಅವನು ಒಳಗೆ ಹೋಗಿ, ಮೊದಲು ನಕಲು ಸುಖವಾಗಿ ಮುಗಿಯುವವರೆಗೂ ಕಾದನು. ಆಮೇಲೆ ಒಂದೊಂದೇ ಹೊಸ್ತಿಲನ್ನು ಪರೀಕ್ಷಿಸುತ್ತ ಬಂದನು. ನಮಗೆ ವಿವರಿಸುತ್ತಲೂ ಇದ್ದನು. ಮುಖವನ್ನು ಮಾತ್ರ ನೋಡಲಿಲ್ಲ.

ಬೆರಳಿಗೂ ತೆರೆಯ ಮೇಲಿನ ಅಕ್ಷರಕ್ಕೂ ನಡುವೆ ಇಷ್ಟು ಮಂದಿ ಮಧ್ಯಸ್ಥರಿದ್ದಾರೆಂದು ನಮಗೆ ಅಂದೇ ತಿಳಿದದ್ದು. ಗುಂಡಿ ಒತ್ತಿದೊಡನೆ ಕೀಲಿಮಣೆಯು ತಂತಿಯ ಮೂಲಕ ಒಂದು ಸುದ್ದಿಯನ್ನು ಕಳುಹಿಸುತ್ತದೆ. ವ್ಯವಸ್ಥೆಯ ಹೃದಯವಾದ ಕರ್ನೆಲ್ ಎಂಬುದು ಅದನ್ನು ಸ್ವೀಕರಿಸಿ, ಇಂಥ ಅಂಕಿಯ ಗುಂಡಿ ಒತ್ತಲ್ಪಟ್ಟಿತೆಂದು ಪ್ರಕಟಿಸುತ್ತದೆ. ಯೂಡೆವ್ ಎಂಬ ದ್ವಾರಪಾಲಕನು, ಬಂದಿರುವ ಸಾಧನ ಕೀಲಿಮಣೆಯೋ ಮೌಸೋ ಎಂಬ ಗುರುತು ಹೇಳುತ್ತಾನೆ. ಚಿತ್ರದ ತೆರೆಯನ್ನು ಆಳುವ ಎಕ್ಸ್ ಸರ್ವರು ಆ ಗುರುತನ್ನು ಕೇಳಿ, ತಕ್ಕ ಚಾಲಕನನ್ನು ಕರೆದು, ಸುದ್ದಿಯನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಅಂಕಿಗೆ ಅಕ್ಷರದ ರೂಪ ಬರುವುದು ಆ ಬಳಿಕ.

“ಎ ಗುಂಡಿಯನ್ನು ಒತ್ತಿ, ಮಾವ” ಎಂದನು ಹುಡುಗ. ಒತ್ತಿದೆವು. ನಮ್ಮ ತೆರೆಯ ಮೇಲೆ ಏನೂ ಇಲ್ಲ. ಅವನ ಲ್ಯಾಪ್‌ಟಾಪಿನಲ್ಲಿ 30 ಎಂಬ ಅಂಕಿ ಮೂಡಿತು. ಬಿಟ್ಟೆವು, ಬಿಟ್ಟದ್ದೂ ಬರೆದುಕೊಂಡಿತು. ಕರ್ನೆಲ್ಲಿನ ಪಾಲಿಗೆ ಆ ಗುಂಡಿ ಯಾವಾಗಲೂ 30. ಇಂಗ್ಲಿಷಿನಲ್ಲಿ ಬರೆಯುವವನಿಗೆ ಅದು ಎ ಆಗುವುದೂ, ಕೆ. ಪಿ. ರಾಯರು ಕನ್ನಡಕ್ಕಾಗಿ ರೂಪಿಸಿದ, ಧ್ವನಿಯನ್ನನುಸರಿಸುವ ವಿನ್ಯಾಸದಲ್ಲಿ ಬರೆಯುವವನಿಗೆ ಅ ಆಗುವುದೂ ಮೇಲಿನವರ ವ್ಯವಹಾರ. ನಮ್ಮ ಮೂಕ ಕೀಲಿಮಣೆ ಅಷ್ಟು ಹೊತ್ತಿನಿಂದಲೂ ಮಾತಾಡುತ್ತಲೇ ಇತ್ತು. ಮೇಲಿನ ಮಹಡಿಯಲ್ಲಿ ಕೇಳುವವರಿರಲಿಲ್ಲ.

ಇನ್ನುಳಿದದ್ದು ಎಕ್ಸ್ ಸರ್ವರಿನ ದಿನಚರಿ. ತಾನು ಎದ್ದಂದಿನಿಂದ ಮಾಡಿದ್ದನ್ನೆಲ್ಲ ಅದು ಒಂದು ಕಡತದಲ್ಲಿ ಬರೆದಿಡುತ್ತದೆ. ಹುಡುಗ ತೆರೆದು ಓದಿದನು. ಕೀಲಿಮಣೆಯ ಹೆಸರು ಅಲ್ಲಿತ್ತು, ಮೌಸಿನದೂ ಇತ್ತು. ಎರಡರ ಕೆಳಗೂ ಒಂದೇ ತಾತ್ಪರ್ಯದ ಷರಾ: ಈ ಸಾಧನಕ್ಕೆ ಯಾವ ಚಾಲಕನೂ ಗೊತ್ತಾಗಿಲ್ಲ, ಆದ ಕಾರಣ ಇದನ್ನು ಲಕ್ಷಿಸಿಲ್ಲ. ಲಿಬ್‌ಇನ್‌ಪುಟ್ ಎಂಬ ಚಾಲಕನು ಎಲ್ಲಿ ಹೋದನು? ಯಂತ್ರದಲ್ಲಿ ಹುಡುಕಿದರೆ ಅವನ ಸುಳಿವೇ ಇಲ್ಲ.

ಯಾವ ಭಾಗವನ್ನು ಯಾವಾಗ ಸೇರಿಸಲಾಯಿತು, ಯಾವಾಗ ತೆಗೆಯಲಾಯಿತು ಎಂಬುದಕ್ಕೂ ಒಂದು ದಾಖಲೆಯುಂಟು. ಅದರಲ್ಲಿ ತಾರೀಖು, ಹೊತ್ತು, ತೆಗೆದ ವಸ್ತು, ಮತ್ತು ಯಾರ ಕೋರಿಕೆಯ ಮೇಲೆ ಎಂಬ ಕಲಮುಗಳಿದ್ದವು. ತಾರೀಖು ನಾಲ್ಕು ದಿನಗಳ ಹಿಂದಿನದು. ಹುಡುಗ ಇನ್ನೂ ಮೈಸೂರಿನಲ್ಲಿದ್ದ ದಿನ. ಕೋರಿಕೆಯ ಎದುರಿಗೆ ಇದ್ದದ್ದು ನಮ್ಮದೇ ಹೆಸರು.

ಆಗ ನೆನಪಾಯಿತು. ಡಿಸ್ಕಿನಲ್ಲಿ ಸ್ಥಳ ಸಾಲದೆಂದು ಯಂತ್ರ ಗೊಣಗಿದ್ದರಿಂದ, ಒಂದು ರಾತ್ರಿ ಪಟ್ಟಿಯನ್ನು ಮುಂದಿಟ್ಟುಕೊಂಡು, ಅರ್ಥವಾಗದ ಹೆಸರುಗಳನ್ನೆಲ್ಲ ನಿರುಪಯೋಗಿಗಳೆಂದು ತೀರ್ಮಾನಿಸಿ ಹೊರಹಾಕಿದ್ದೆವು. ಲಿಬ್‌ಇನ್‌ಪುಟ್ಟೂ ಆ ಬಡಪಾಯಿಗಳ ಸಾಲಿನಲ್ಲಿತ್ತು. ಚಾಲಕರಿಲ್ಲದೆ ಎಕ್ಸ್ ಸರ್ವರು ಇರಕೂಡದೆಂಬ ನಿಯಮವೂ ಇದೆಯಂತೆ. ಆದರೆ ಚಿತ್ರಕಾರರು ಬಳಸುವ ಬರೆಯುವ ಹಲಗೆಗೆಂದು ಇನ್ನೊಬ್ಬ ಚಾಲಕನು ಯಂತ್ರದಲ್ಲಿ ಉಳಿದಿದ್ದನು. ಅಂಥ ಹಲಗೆ ನಮ್ಮ ಮನೆಯಲ್ಲಿಲ್ಲ. ಆದರೂ ಅವನೊಬ್ಬನು ನಿಂತಿದ್ದರಿಂದ ಕಾಗದದ ಮೇಲೆ ನಿಯಮ ಪೂರೈಸಿತು. ಯಂತ್ರ ನಮ್ಮನ್ನು ತಡೆಯಲಿಲ್ಲ.

ಹಾಗಾದರೆ ನಾಲ್ಕು ದಿನ ಎಲ್ಲವೂ ಸರಿಯಾಗಿ ನಡೆದದ್ದು ಹೇಗೆ? ನಾವು ಕೇಳಿದೆವು. ಎಕ್ಸ್ ಸರ್ವರು ಎದ್ದಾಗಲೇ ಚಾಲಕನನ್ನು ತನ್ನ ನೆನಪಿನೊಳಕ್ಕೆ ತೆಗೆದುಕೊಂಡಿರುತ್ತದೆ. ಆಮೇಲೆ ಡಿಸ್ಕಿನಿಂದ ಅವನನ್ನು ಅಳಿಸಿದರೂ ನೆನಪಿನೊಳಗಿರುವವನು ಕೆಲಸ ಮಾಡುತ್ತಲೇ ಇರುತ್ತಾನೆ. ರಾತ್ರಿ ನಾವು ಯಂತ್ರವನ್ನು ಆರಿಸದೆ ನಿದ್ರೆಯಲ್ಲಿಡುವುದರಿಂದ ಆ ನೆನಪು ಹಾಗೆಯೇ ಉಳಿದಿತ್ತು. ಮೂರಕ್ಕೆ ಇಳಿದಾಗ ಎಕ್ಸ್ ಸರ್ವರು ಕಣ್ಮುಚ್ಚಿತು. ಐದಕ್ಕೆ ಏರಿದಾಗ ಹೊಸದಾಗಿ ಹುಟ್ಟಿತು, ಚಾಲಕನನ್ನು ಹುಡುಕಿತು, ಸಿಗಲಿಲ್ಲ. ಮಟ್ಟ ಬದಲಾದದ್ದು ದೋಷಕ್ಕೆ ಕಾರಣವಲ್ಲ. ಹೂತಿದ್ದ ದೋಷವನ್ನು ಹೊರಗೆಳೆದದ್ದಷ್ಟೆ. ಬೇರೆ ತೆರೆಗೆ ಹೋಗುವ ಗುಂಡಿಗಳ ಸಂಧಿ ಏಕೆ ಫಲಿಸಲಿಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ. ಚಿತ್ರದ ತೆರೆ ಎದ್ದೊಡನೆ, ಅಕ್ಷರದ ತೆರೆಯು ಗುಂಡಿಗಳಿಗೆ ಕಿವಿಗೊಡುವುದನ್ನು ನಿಲ್ಲಿಸಿ ಆ ಹೊಣೆಯನ್ನು ಎಕ್ಸ್ ಸರ್ವರಿಗೆ ಒಪ್ಪಿಸುತ್ತದೆ. ಒಪ್ಪಿಸಿಕೊಂಡವನು ಕಿವುಡನಾದರೆ ಕೂಗಿ ಪ್ರಯೋಜನವೇನು?

ಹುಡುಗ ಚಾಲಕನನ್ನು ಮತ್ತೆ ತರಿಸಿ ನೆಲೆಗೊಳಿಸಿದನು. ಇಷ್ಟಕ್ಕೆ ಹಿಡಿದದ್ದು ಕೆಲವೇ ನಿಮಿಷ. ಮತ್ತೊಮ್ಮೆ ಮೂರಕ್ಕೆ ಇಳಿದು ಐದಕ್ಕೆ ಏರಿದೆವು. ಬಾಣ ಕದಲಿತು. ಗುಟ್ಟಿನ ಪದದ ಚುಕ್ಕೆಗಳು ಒಂದರ ಹಿಂದೊಂದು ಬಿದ್ದವು. ಬಾಗಿಲಲ್ಲಿ ಕಾಯುತ್ತಿದ್ದ ಮೇಸ್ತ್ರಿ ತೂಕದ ಚೀಟಿಗಳನ್ನು ಮುಂದಿಟ್ಟನು.

ಇದೇ ರೋಗ ಬೇರೆ ಬೇರೆ ಕಾರಣಗಳಿಂದ ಬರುವುದುಂಟೆಂದು ಹುಡುಗ ಹೇಳಿದನು. 2007ರ ಸುಮಾರಿನಿಂದ ಕೆಲವು ವರ್ಷ ಎಕ್ಸ್ ಸರ್ವರು ಸಾಧನಗಳ ಗುರುತಿಗಾಗಿ ಹಾಲ್ ಎಂಬ ಸೇವಕನನ್ನು ನಂಬಿತ್ತು. ಐದನೆಯ ಮಟ್ಟದಲ್ಲಿ ಆ ಸೇವಕನನ್ನು ಎಬ್ಬಿಸಲು ಮರೆತಿದ್ದರೆ ಇದೇ ಮೌನ. 2010ರಿಂದ ಆ ಕೆಲಸ ಯೂಡೆವಿಗೆ ಬಂದಿದೆ. ಅದಕ್ಕಿಂತ ಹಿಂದೆ, ಅಕ್ಷರದ ತೆರೆಯಲ್ಲಿ ಮೌಸನ್ನು ನೋಡಿಕೊಳ್ಳುವ ಜಿಪಿಎಂ ಎಂಬುದು ಐದನೆಯ ಮಟ್ಟಕ್ಕೆ ಹೋದರೂ ಮೌಸನ್ನು ಬಿಟ್ಟುಕೊಡದೆ ಎಳೆದಾಡಿದ್ದೂ ಇದೆ. ಈಚಿನ ಅನೇಕ ಯಂತ್ರಗಳಲ್ಲಿ ಎಕ್ಸ್ ಸರ್ವರಿನ ಸ್ಥಾನಕ್ಕೆ ವೇಲ್ಯಾಂಡ್ ಬಂದಿದೆ. ಅಲ್ಲಿಯೂ ಗುಂಡಿಗಳ ಸುದ್ದಿ ಬಹುಮಟ್ಟಿಗೆ ಲಿಬ್‌ಇನ್‌ಪುಟ್ಟಿನ ಮೂಲಕವೇ ಹೋಗಬೇಕು. ಇನ್ನು ಕೆಲವೊಮ್ಮೆ ಗುಂಡಿಗಳು ಕೆಲಸ ಮಾಡುತ್ತಿದ್ದರೂ ಗುಟ್ಟಿನ ಪದ ತಪ್ಪೆಂದು ತೋರುತ್ತದೆ. ವಿನ್ಯಾಸವು ಕನ್ನಡದಲ್ಲಿಯೇ ಉಳಿದಿದ್ದು, ನಾವು ಇಂಗ್ಲಿಷೆಂದು ಭಾವಿಸಿ ಒತ್ತಿದರೆ ಆಗುವುದು ಅದೇ.

ಮನೆಯವರಿಗೆ ಬೇಕಾದ ಕ್ರಮವನ್ನು ಅವನು ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಾನೆ. ಯಂತ್ರ ಬದುಕಿದೆಯೇ ಎಂದು ಮೊದಲು ನೋಡುವುದು: ಗಡಿಯಾರ ಓಡುತ್ತಿದೆಯೆ, ಡಿಸ್ಕಿನ ದೀಪ ಮಿಣುಕುತ್ತಿದೆಯೆ? ತಂತಿಯನ್ನು ಬಿಚ್ಚಿ ಇನ್ನೊಂದು ರಂಧ್ರಕ್ಕೆ ಚುಚ್ಚುವುದು. ಸಾಧ್ಯವಾದರೆ ಬೇರೆ ಕೀಲಿಮಣೆಯಿಂದ ಪರೀಕ್ಷಿಸುವುದು. ಒಂದು ಕೆಟ್ಟಿದೆಯೋ ಎರಡೂ ಕೆಟ್ಟಿವೆಯೋ, ಯಾವ ಮಟ್ಟದವರೆಗೆ ಸರಿಯಾಗಿತ್ತು ಎಂದು ಕೇಳಿಕೊಳ್ಳುವುದು. ಹಿತ್ತಲ ಬಾಗಿಲಿದ್ದರೆ ಅದರಿಂದ ಒಳಗೆ ಹೋಗಿ ದಿನಚರಿಯನ್ನು ಓದುವುದು. ಇಲ್ಲದಿದ್ದರೆ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಗುಂಡಿಗಳನ್ನು ಹಿಡಿದು ಆರ್ ಒತ್ತುವುದು. ಅನುಮತಿಯಿರುವ ಯಂತ್ರಗಳಲ್ಲಿ ಕರ್ನೆಲ್ ಕೀಲಿಮಣೆಯನ್ನು ಎಕ್ಸ್ ಸರ್ವರಿನ ಕೈಯಿಂದ ಹಿಂದಕ್ಕೆ ಪಡೆಯುತ್ತದೆ, ಆಮೇಲೆ ಅಕ್ಷರದ ತೆರೆಗೆ ಹೋಗಬಹುದು. ಯಾವುದೂ ಆಗದಿದ್ದರೆ ಯಂತ್ರದ ಗುಂಡಿಯನ್ನು ಕ್ಷಣಮಾತ್ರ ಒತ್ತಿ ಬಿಡುವುದು; ಬಹಳ ಯಂತ್ರಗಳು ಆಗ ಕ್ರಮವಾಗಿ ಕಡತಗಳನ್ನು ಮುಚ್ಚಿ ಮಲಗುತ್ತವೆ. ಒತ್ತಿ ಹಿಡಿಯುವುದು ಕತ್ತು ಹಿಸುಕಿದಂತೆ, ಕಟ್ಟಕಡೆಯ ಉಪಾಯ. ಹೀಗೆ ಆರು ಕಲಮುಗಳು.

ಮರುದಿನ ಬೆಳಿಗ್ಗೆ ಕಣದ ಬಳಿ ಬಟವಾಡೆಗೆ ಜನ ಸೇರಿದರು. ಹೆಸರು ಕೂಗಿ ಹಣ ಕೊಡುವುದು ಯಾವಾಗಲೂ ನಮ್ಮ ಕೆಲಸ. ಅಂದು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೇಸ್ತ್ರಿಯೂ ಹಿಂದಿನ ಸಂಜೆಯ ಆಳುಗಳಿಬ್ಬರೂ ಎದುರಿಗಿರುವಾಗಲೇ, ಯಂತ್ರವನ್ನು ಕೆಡಿಸಿದವರು ನಾವು, ಸರಿಮಾಡಿದವನು ಇವನು ಎಂದು ಹೇಳಿದೆವು. ನಾಲ್ಕು ಜನರೆದುರು ಆಡಿದ ತಪ್ಪು ಮಾತನ್ನು ಒಳಗೆ ಕರೆದು ಕಿವಿಯಲ್ಲಿ ಹಿಂತೆಗೆದುಕೊಂಡರೆ ಲೆಕ್ಕ ಸಮವಾಗುವುದಿಲ್ಲವೆಂದು ನಮಗೆ ತೋರಿತು. ಮೇಸ್ತ್ರಿ ನಕ್ಕನು, ಹುಡುಗ ತಲೆ ತಗ್ಗಿಸಿ ಚೆಕ್‌ರೋಲಿನ ಮೊದಲನೆಯ ಹೆಸರನ್ನು ಕೂಗಿದನು. ಕೊನೆಯವರು ಹಣ ಎಣಿಸಿಕೊಂಡು ಸಂತೆಗೆ ಹೊರಟಾಗ ಬಿಸಿಲು ಇನ್ನೂ ಎಳೆಯದಾಗಿತ್ತು.

ಮಧ್ಯಾಹ್ನ ನಮ್ಮ ತಾಯಿಯವರು ಗೋಡೆಯ ಕಾಗದವನ್ನು ಓದಿಸಿ ಕೇಳಿದರು. ಎಲ್ಲವೂ ಚೆನ್ನಾಗಿದೆ, ಒಂದು ಮಾತ್ರ ಬಿಟ್ಟುಹೋಗಿದೆ ಎಂದರು. ಅವರು ಹೇಳಿದಂತೆ, ಆರು ಕಲಮುಗಳ ಮೇಲುಗಡೆ ಉಳಿದಿದ್ದ ಜಾಗದಲ್ಲಿ ನಾವೇ ನಮ್ಮ ಕೈಯಿಂದ ಬರೆದೆವು: “ಮೊದಲು ಯಾರನ್ನೂ ಬೈಯಬಾರದು.”